ಹಳೆಯ ನಕ್ಷತ್ರಗಳ ಜಾಡು ಹಿಡಿದು ಗೆಲಾಕ್ಸಿಯ ಹುಟ್ಟು: ಪದೇ ಪದೇ ಕೇಳುವ ಪ್ರಶ್ನೆಗಳು

ಖಗೋಳ ವಿಜ್ಞಾನದಲ್ಲಿ 'ಗೆಲಾಕ್ಸಿ ಪುರಾತತ್ವ' ಅಂತ ಒಂದು ವಿಭಾಗ ಇದೆ. ಗುದ್ದಲಿ ಇಲ್ಲ, ಅಗೆತ ಇಲ್ಲ. ಹಳೆಯ ನಕ್ಷತ್ರಗಳನ್ನು ಹುಡುಕಿ, ಅವು ಎಲ್ಲಿ ಹುಟ್ಟಿದವು, ಹೇಗೆ ಇಲ್ಲಿಗೆ ಬಂದವು ಅಂತ ವಿಚಾರಿಸುವುದೇ ಕೆಲಸ. ಈ ವಿಷಯ ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆಗಳು ಇಲ್ಲಿವೆ.

ನಕ್ಷತ್ರ ನೋಡಿದರೆ ಗೆಲಾಕ್ಸಿಯ ಕತೆ ಹೇಗೆ ಗೊತ್ತಾಗುತ್ತದೆ?

ನಕ್ಷತ್ರಕ್ಕೆ ಎರಡು ನೆನಪುಗಳಿವೆ. ಒಂದು ಅದರ ಮೈಯಲ್ಲಿದೆ, ಇನ್ನೊಂದು ನಡಿಗೆಯಲ್ಲಿದೆ.

ಮೊದಲು ಮೈ. ನಕ್ಷತ್ರ ಹುಟ್ಟುವುದು ಅನಿಲದ ಮೋಡ ಕುಸಿದಾಗ. ಹುಟ್ಟಿದ ಮೇಲೆ ನಡುಭಾಗದಲ್ಲಿ ಹೈಡ್ರೋಜನ್ ಬೆಸೆದುಕೊಂಡು ಹೀಲಿಯಂ ಆಗುತ್ತಿರುತ್ತದೆ. ಆದರೆ ಸಣ್ಣ ನಕ್ಷತ್ರಗಳಲ್ಲಿ ಈ 'ಬೂದಿ' ಅಷ್ಟು ಸುಲಭವಾಗಿ ಮೇಲೆ ಬರುವುದಿಲ್ಲ. ಹೊರಮೈ ಹುಟ್ಟಿದಾಗ ಹೇಗಿತ್ತೋ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಅಂದರೆ, ಆ ಮೈಯ ಬೆಳಕನ್ನು ಓದಿದರೆ ಸಾವಿರ ಕೋಟಿ ವರ್ಷದ ಹಿಂದಿನ ಅನಿಲ ಹೇಗಿತ್ತು ಅಂತ ತಿಳಿಯುತ್ತದೆ.

ಇನ್ನು ನಡಿಗೆ. ಆಕಾಶಗಂಗೆಯ ಹೆಚ್ಚಿನ ನಕ್ಷತ್ರಗಳು ಒಂದು ಚಪ್ಪಟೆ ತಟ್ಟೆಯಲ್ಲಿ ಸುತ್ತುತ್ತವೆ. ಆ ತಟ್ಟೆಯನ್ನು ಎಲ್ಲ ಕಡೆಯಿಂದ ಸುತ್ತುವರಿದು ವಿರಳವಾಗಿ ಹರಡಿದ ನಕ್ಷತ್ರಗಳ ದೊಡ್ಡ ಗೋಳವೂ ಇದೆ. ಅದಕ್ಕೆ ಹೇಲೋ ಅನ್ನುತ್ತಾರೆ. ಹೇಲೋದಲ್ಲಿ ಜಾಗ ಎಷ್ಟು ಜಾಸ್ತಿ ಅಂದರೆ ಒಂದು ನಕ್ಷತ್ರ ಇನ್ನೊಂದರ ದಾರಿ ತಪ್ಪಿಸುವುದೇ ಇಲ್ಲ ಅನ್ನಬಹುದು. ಒಟ್ಟಿಗೆ ಬಂದ ಗುಂಪು ಕಾಲ ಕಳೆದಂತೆ ನಾಲ್ಕು ದಿಕ್ಕಿಗೂ ಚದುರಿಹೋಗುತ್ತದೆ. ಆದರೂ ಆ ನಕ್ಷತ್ರಗಳ ಶಕ್ತಿ ಮತ್ತು ಕೋನೀಯ ಸಂವೇಗ (ಸುತ್ತುವ ಚಲನೆಯ ಅಳತೆ) ಒಂದಕ್ಕೊಂದು ಹತ್ತಿರವೇ ಉಳಿಯುತ್ತವೆ. ಕಣ್ಣಿಗೆ ಗುಂಪು ಕಾಣದಿದ್ದರೂ ಲೆಕ್ಕ ಹಾಕಿದರೆ ಕಾಣುತ್ತದೆ.

ಅಷ್ಟು ಹಳೆಯ ನಕ್ಷತ್ರಗಳು ಇನ್ನೂ ಹೇಗೆ ಬದುಕಿವೆ?

ಸಣ್ಣವು ಅನ್ನೋ ಕಾರಣಕ್ಕೆ. ನಕ್ಷತ್ರ ಎಷ್ಟು ದಪ್ಪವೋ ಅಷ್ಟು ದುಂದುಗಾರ. ಸೂರ್ಯನ 20 ಪಟ್ಟು ತೂಕದ ನಕ್ಷತ್ರ ಒಂದು ಕೋಟಿ ವರ್ಷದ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಸೂರ್ಯನಿಗೆ ಸುಮಾರು 1000 ಕೋಟಿ ವರ್ಷದ ಆಯುಷ್ಯ, ಅದರಲ್ಲಿ 460 ಕೋಟಿ ಕಳೆದಿದೆ. ಸೂರ್ಯನ 0.8 ಪಟ್ಟಿಗಿಂತ ಹಗುರಾದ ನಕ್ಷತ್ರಗಳು ವಿಶ್ವದ ಈಗಿನ ವಯಸ್ಸಾದ 1380 ಕೋಟಿ ವರ್ಷವನ್ನೂ ಮೀರಿ ಬಾಳಬಲ್ಲವು. ವಿಶ್ವದ ಮೊದಲ ನೂರಿನ್ನೂರು ಕೋಟಿ ವರ್ಷದಲ್ಲಿ ಹುಟ್ಟಿದವು ಈಗಲೂ ಸಿಗುವುದು ಹೀಗೆ.

ಆಮ್ಲಜನಕವನ್ನೂ 'ಲೋಹ' ಅನ್ನುತ್ತಾರಲ್ಲ, ಇದೆಂಥ ಲೆಕ್ಕ?

ರಸಾಯನಶಾಸ್ತ್ರದವರು ಕೇಳಿದರೆ ತಲೆ ಚಚ್ಚಿಕೊಳ್ಳುತ್ತಾರೆ, ನಿಜ. ಖಗೋಳದವರಿಗೆ ಹೈಡ್ರೋಜನ್ ಮತ್ತು ಹೀಲಿಯಂ ಬಿಟ್ಟು ಉಳಿದದ್ದೆಲ್ಲ ಲೋಹವೇ. ಮಹಾಸ್ಫೋಟದಲ್ಲಿ ಹುಟ್ಟಿದ್ದು ಹೈಡ್ರೋಜನ್, ಹೀಲಿಯಂ, ಚೂರುಪಾರು ಲಿಥಿಯಂ ಅಷ್ಟೇ. ಕಾರ್ಬನ್, ಆಮ್ಲಜನಕ, ಕಬ್ಬಿಣ ಎಲ್ಲ ಆಮೇಲೆ ನಕ್ಷತ್ರಗಳ ಒಳಗೆ, ಅವುಗಳ ಸ್ಫೋಟದಲ್ಲಿ ತಯಾರಾದವು. ಒಂದೊಂದು ಪೀಳಿಗೆಯೂ ಸತ್ತಾಗ ಅನಿಲಕ್ಕೆ ಇನ್ನಷ್ಟು ಲೋಹ ಬೆರೆಸಿ ಹೋಗುತ್ತದೆ. ಸೂರ್ಯನ ತೂಕದಲ್ಲಿ ಲೋಹದ ಪಾಲು ಶೇಕಡಾ ಒಂದೂವರೆಯ ಹತ್ತಿರ. ಇದೇ ಅಳತೆಗೋಲು. ಕಬ್ಬಿಣ ಸೂರ್ಯನಲ್ಲಿರುವುದರ ನೂರರಲ್ಲಿ ಒಂದು ಪಾಲು, ಸಾವಿರದಲ್ಲಿ ಒಂದು ಪಾಲು ಅಂತ ಹೋಲಿಸಿ ಹೇಳುತ್ತಾರೆ.

ಎಲ್ಲೋ ಇರುವ ನಕ್ಷತ್ರದಲ್ಲಿ ಕಬ್ಬಿಣ ಎಷ್ಟಿದೆ ಅಂತ ಇಲ್ಲಿ ಕೂತು ಹೇಗೆ ಹೇಳುತ್ತಾರೆ?

ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ. ಕಾಮನಬಿಲ್ಲಿನ ಹಾಗೆ ಒಂದು ಪಟ್ಟಿ ಬರುತ್ತದೆ. ಅದಕ್ಕೆ ರೋಹಿತ ಅಂತ ಹೆಸರು. ಹತ್ತಿರದಿಂದ ನೋಡಿದರೆ ಆ ಪಟ್ಟಿಯಲ್ಲಿ ಸಣ್ಣ ಸಣ್ಣ ಕಪ್ಪು ಗೆರೆಗಳು. ಪ್ರತಿ ಧಾತು ತನ್ನದೇ ಆದ ಕೆಲವು ಬಣ್ಣಗಳನ್ನು ನುಂಗಿಕೊಳ್ಳುತ್ತದೆ, ಅಲ್ಲಿ ಗೆರೆ ಬೀಳುತ್ತದೆ. ಸೂರ್ಯನ ರೋಹಿತದಲ್ಲಿ ಕಬ್ಬಿಣದ ಗೆರೆಗಳೇ ಸಾವಿರಾರು. ಕಾಡಿನ ಹಾಗೆ ಒತ್ತೊತ್ತಾಗಿ ನಿಂತಿರುತ್ತವೆ.

ಈಗ 2014ರಲ್ಲಿ ಸುದ್ದಿಯಾದ ಒಂದು ನಕ್ಷತ್ರದ ರೋಹಿತ ತೆಗೆದುಕೊಳ್ಳಿ. ಆಸ್ಟ್ರೇಲಿಯಾದ ಸ್ಕೈಮ್ಯಾಪರ್ ದೂರದರ್ಶಕ ಪತ್ತೆ ಮಾಡಿದ್ದು, ದೂರ ಸುಮಾರು 6000 ಜ್ಯೋತಿರ್ವರ್ಷ. ಹೆಸರು ಫೋನ್ ನಂಬರಿನ ಹಾಗಿದೆ, ಶುರುವಿನ ಭಾಗ ಸಾಕು: ಎಸ್‌ಎಂಎಸ್‌ಎಸ್ ಜೆ0313. ಅದರಲ್ಲಿ ಹೈಡ್ರೋಜನ್ನಿನ ಗೆರೆಗಳಿವೆ. ಕ್ಯಾಲ್ಸಿಯಂನ ಗೆರೆ ಸಣ್ಣದಾಗಿ ಇದೆ. ಕಾರ್ಬನ್ನಿನ ಗುರುತಿದೆ. ಕಬ್ಬಿಣದ ಗೆರೆಗಳು ಇರಬೇಕಾದ ಜಾಗದಲ್ಲಿ ಬೋಳು ಬಯಲು. ಒಂದೂ ಇಲ್ಲ. ಕಬ್ಬಿಣ ಇದ್ದರೂ ಸೂರ್ಯನಲ್ಲಿರುವುದರ ಕೋಟಿಯಲ್ಲಿ ಒಂದು ಪಾಲಿಗಿಂತ ಕಮ್ಮಿ ಅಂತ ಲೆಕ್ಕ ಬಂತು. ಅದು ಹುಟ್ಟಿದ ಅನಿಲಕ್ಕೆ ಬಹುಶಃ ಒಂದೇ ಒಂದು ಮೊದಲ ಪೀಳಿಗೆಯ ನಕ್ಷತ್ರದ ಸರಕು ಬೆರೆತಿತ್ತು, ಮತ್ತು ಆ ನಕ್ಷತ್ರ ಸಿಡಿದಾಗ ಕಬ್ಬಿಣವೆಲ್ಲ ನಡುವಿನ ಕಪ್ಪು ಕುಳಿಗೆ ಬಿದ್ದುಹೋಗಿತ್ತು ಅನ್ನುವುದು ವಿವರಣೆ. ಒಂದು ಖಾಲಿ ಜಾಗ ನೋಡಿ ಇಷ್ಟು ಹೇಳಬಹುದು ಅನ್ನುವುದು ನನಗೆ ಈಗಲೂ ಸೋಜಿಗವೇ.

ಒಂದು ಎಚ್ಚರಿಕೆ. ಗೆರೆ ದಪ್ಪ ಇದ್ದರೆ ಧಾತು ಜಾಸ್ತಿ ಅಂತ ನೇರವಾಗಿ ಹೇಳಲಾಗದು. ಬಿಸಿ ಎಷ್ಟಿದೆ ಅನ್ನುವುದರ ಮೇಲೆ ಗೆರೆಯ ದಪ್ಪ ಬದಲಾಗುತ್ತದೆ. ಈ ಲೆಕ್ಕಕ್ಕೆ ದಾರಿ ಮಾಡಿಕೊಟ್ಟದ್ದು ಮೇಘನಾದ ಸಹಾ 1920ರಲ್ಲಿ ಕೊಟ್ಟ ಸಮೀಕರಣ. ಅದನ್ನೇ ಬಳಸಿ ಸಿಸಿಲಿಯಾ ಪೇನ್ 1925ರಲ್ಲಿ ನಕ್ಷತ್ರಗಳಲ್ಲಿ ಹೆಚ್ಚಿನ ಪಾಲು ಹೈಡ್ರೋಜನ್ ಅಂತ ತೋರಿಸಿದರು.

ಹಾಗಾದರೆ ಕಬ್ಬಿಣ ಕಮ್ಮಿ ಇದ್ದರೆ ಹಳೆಯದು ಅಂತಲೇ ಅರ್ಥ, ಅಲ್ವಾ?

ಅಲ್ಲ. ಎಲ್ಲರೂ ಜಾರುವ ಜಾಗ ಇದು. ದೊಡ್ಡ ಗೆಲಾಕ್ಸಿಯಲ್ಲಿ ನಕ್ಷತ್ರಗಳು ಬೇಗ ಬೇಗ ಹುಟ್ಟಿ ಸಾಯುತ್ತವೆ, ಲೋಹ ಬೇಗ ಏರುತ್ತದೆ. ಕುಬ್ಜ ಗೆಲಾಕ್ಸಿಗಳಲ್ಲಿ ಎಲ್ಲ ನಿಧಾನ. ಹಾಗಾಗಿ ಕುಬ್ಜ ಗೆಲಾಕ್ಸಿಯಲ್ಲಿ ತಡವಾಗಿ ಹುಟ್ಟಿದ ನಕ್ಷತ್ರದಲ್ಲೂ ಕಬ್ಬಿಣ ಕಮ್ಮಿಯೇ ಇರಬಹುದು.

ಇದನ್ನು ಬಿಡಿಸಲು ಒಳ್ಳೆಯ ಉಪಾಯ ಒಂದಿದೆ: ಕಬ್ಬಿಣವನ್ನು ಮೆಗ್ನೀಸಿಯಂ ಜೊತೆ ಹೋಲಿಸುವುದು. ಮೆಗ್ನೀಸಿಯಂ, ಆಮ್ಲಜನಕ, ಸಿಲಿಕಾನ್ ಬರುವುದು ಹೆಚ್ಚಾಗಿ ದಪ್ಪ ನಕ್ಷತ್ರಗಳ ಸ್ಫೋಟದಿಂದ. ಅವು ಹುಟ್ಟಿದ ಮೂವತ್ತು ಲಕ್ಷದಿಂದ ಕೆಲವು ಕೋಟಿ ವರ್ಷಗಳ ಒಳಗೆ ಸಿಡಿಯುತ್ತವೆ. ಕಬ್ಬಿಣದ ದೊಡ್ಡ ಪಾಲು ಬರುವುದು ಬೇರೆ ಬಗೆಯ ಸ್ಫೋಟದಿಂದ. ಅದು ಶ್ವೇತ ಕುಬ್ಜಗಳದ್ದು, ಅಂದರೆ ಸಣ್ಣ ನಕ್ಷತ್ರಗಳು ಸತ್ತ ಮೇಲೆ ಉಳಿಯುವ ತಿರುಳಿನದ್ದು, ಅದಕ್ಕೆ ಹತ್ತಾರು ಕೋಟಿಯಿಂದ ನೂರಾರು ಕೋಟಿ ವರ್ಷ ಕಾಯಬೇಕು. ಶುರುವಿನಲ್ಲಿ ಹುಟ್ಟಿದ ನಕ್ಷತ್ರಗಳಲ್ಲಿ ಕಬ್ಬಿಣಕ್ಕೆ ಹೋಲಿಸಿದರೆ ಮೆಗ್ನೀಸಿಯಂ ಜಾಸ್ತಿ ಇರುತ್ತದೆ. ಎರಡನೇ ಬಗೆಯ ಸ್ಫೋಟ ಶುರುವಾದ ಮೇಲೆ ಆ ಪ್ರಮಾಣ ಇಳಿಯುತ್ತದೆ.

ನಿಧಾನವಾಗಿ ಬೆಳೆಯುವ ಕುಬ್ಜ ಗೆಲಾಕ್ಸಿಯಲ್ಲಿ ಒಟ್ಟು ಲೋಹ ಇನ್ನೂ ಕಮ್ಮಿ ಇರುವಾಗಲೇ ಈ ಇಳಿತ ಬಂದುಬಿಡುತ್ತದೆ. ಆದ್ದರಿಂದ ಕಬ್ಬಿಣವೂ ಕಮ್ಮಿ, ಮೆಗ್ನೀಸಿಯಂ ಪ್ರಮಾಣವೂ ಕಮ್ಮಿ ಇರುವ ನಕ್ಷತ್ರ ಕಂಡರೆ ಅದು ಹೊರಗಿನಿಂದ ಬಂದದ್ದು ಅಂತ ಅನುಮಾನ ಪಡಬಹುದು. ನಿಸ್ಸೆನ್ ಮತ್ತು ಶುಸ್ಟರ್ 2010ರಲ್ಲಿ ಸೂರ್ಯನ ಸುತ್ತಮುತ್ತಲಿನ 94 ನಕ್ಷತ್ರಗಳನ್ನು ಹೀಗೆ ಅಳೆದು, ಹೇಲೋ ನಕ್ಷತ್ರಗಳಲ್ಲಿ ಎರಡು ಬೇರೆ ಬೇರೆ ಗುಂಪುಗಳಿವೆ ಅಂತ ತೋರಿಸಿದರು. ಒಂದು ಇಲ್ಲಿಯದೇ, ಇನ್ನೊಂದು ವಲಸೆ ಬಂದದ್ದು. ಎಲ್ಲಿಂದ ಬಂದದ್ದು ಅಂತ ತಿಳಿಯಲು ಇನ್ನೂ 8 ವರ್ಷ ಬೇಕಾಯಿತು. ಆ ಕತೆ ಮುಂದೆ ಬರುತ್ತದೆ.

ವಯಸ್ಸನ್ನೇ ನೇರವಾಗಿ ಅಳೆಯಬಹುದಲ್ಲ?

ಆಗಿದ್ದರೆ ಎಷ್ಟು ಚೆನ್ನಾಗಿತ್ತು! ಧಾತುಗಳ ಲೆಕ್ಕ ಸಲೀಸು, ಚಲನೆಯ ಲೆಕ್ಕ ಈಗ ಸಲೀಸು, ವಯಸ್ಸು ಮಾತ್ರ ಇವತ್ತಿಗೂ ಕಷ್ಟ. ಸಣ್ಣ ನಕ್ಷತ್ರ ನೂರಾರು ಕೋಟಿ ವರ್ಷ ಒಂದೇ ತರಹ ಕಾಣುತ್ತದೆ. ಮುಖ ನೋಡಿ ವಯಸ್ಸು ಹೇಳಲಾಗದು.

ಕೆಲವು ದಾರಿಗಳಿವೆ. ನಡುಭಾಗದ ಹೈಡ್ರೋಜನ್ ಮುಗಿದು, ನಕ್ಷತ್ರ ಕೆಂಪು ದೈತ್ಯ ಆಗುವ ಹಾದಿಯಲ್ಲಿ ಇರುವಾಗ ಅದರ ಹೊಳಪು ವಯಸ್ಸಿನ ಗುಟ್ಟು ಬಿಟ್ಟುಕೊಡುತ್ತದೆ. 2022ರಲ್ಲಿ ಮಾವೊಶೆಂಗ್ ಶಿಯಾಂಗ್ ಮತ್ತು ಹಾನ್ಸ್-ವಾಲ್ಟರ್ ರಿಕ್ಸ್ ಇಂಥ ಸುಮಾರು 2,50,000 ನಕ್ಷತ್ರಗಳ ವಯಸ್ಸು ಹಿಡಿದರು. ಆಕಾಶಗಂಗೆಯ ದಪ್ಪ ತಟ್ಟೆ (ಹಳೆಯ ನಕ್ಷತ್ರಗಳು ಹೆಚ್ಚು ಮೇಲೆ ಕೆಳಗೆ ಹರಡಿರುವ ತಟ್ಟೆಯ ಭಾಗ) ಸುಮಾರು 1300 ಕೋಟಿ ವರ್ಷದ ಹಿಂದೆಯೇ ರೂಪುಗೊಳ್ಳತೊಡಗಿತ್ತು ಅಂತ ಅದರಿಂದ ತಿಳಿಯಿತು.

ಇನ್ನೊಂದು ದಾರಿ ನಕ್ಷತ್ರದ ನಡುಕ. ನಕ್ಷತ್ರದ ಮೈ ಗಂಟೆ ಬಾರಿಸಿದ ಹಾಗೆ ಸಣ್ಣಗೆ ಕಂಪಿಸುತ್ತದೆ, ಬೆಳಕು ಏರಿಳಿಯುತ್ತದೆ. ಕೆಪ್ಲರ್, ಟೆಸ್ ಉಪಗ್ರಹಗಳು ಇದನ್ನು ಅಳೆದಿವೆ. ಕಂಪನದಿಂದ ತೂಕ, ತೂಕದಿಂದ ವಯಸ್ಸು.

ಮೂರನೆಯದು ಯುರೇನಿಯಂ ಮತ್ತು ಥೋರಿಯಂ. ಯುರೇನಿಯಂ-238 ಅರ್ಧ ಆಗಲು 447 ಕೋಟಿ ವರ್ಷ, ಥೋರಿಯಂ-232 ಅರ್ಧ ಆಗಲು ಸುಮಾರು 1400 ಕೋಟಿ ವರ್ಷ. ಎಷ್ಟು ಉಳಿದಿದೆ ಅಂತ ನೋಡಿದರೆ ಎಷ್ಟು ಕಾಲ ಕಳೆದಿದೆ ಅಂತ ಹೇಳಬಹುದು. 2001ರಲ್ಲಿ ಒಂದು ಹಳೆಯ ನಕ್ಷತ್ರದಲ್ಲಿ ಮೊದಲ ಬಾರಿಗೆ ಯುರೇನಿಯಂ ಅಳೆದರು. ಆದರೆ ಯುರೇನಿಯಂನ ಗೆರೆ ಅತಿ ಸಣ್ಣದು. ಅಳೆಯಲು ಸಿಗುವ ನಕ್ಷತ್ರಗಳು ಬೆರಳೆಣಿಕೆಯಷ್ಟು.

ವಿಶ್ವಕ್ಕಿಂತ ಹಳೆಯ ನಕ್ಷತ್ರ ಸಿಕ್ಕಿದೆಯಂತೆ, ನಿಜವಾ?

ಸುಳ್ಳು, ಆದರೆ ಸುಮ್ನೆ ಹುಟ್ಟಿದ ಸುಳ್ಳಲ್ಲ. ಎಚ್‌ಡಿ 140283 ಅನ್ನುವ ನಕ್ಷತ್ರಕ್ಕೆ 2013ರಲ್ಲಿ 1446 ಕೋಟಿ ವರ್ಷ ಅಂತ ಲೆಕ್ಕ ಬಂತು. ಜೊತೆಗೇ 80 ಕೋಟಿ ವರ್ಷ ಆಚೀಚೆ ಆಗಬಹುದು ಅಂತಲೂ ಬರೆದಿದ್ದರು. ಸುದ್ದಿಯಲ್ಲಿ ಮೊದಲ ಅಂಕಿ ಓಡಾಡಿತು, ಎರಡನೆಯದು ಬಿದ್ದುಹೋಯಿತು. ಆಮೇಲಿನ ಲೆಕ್ಕಗಳಲ್ಲಿ ವಯಸ್ಸು ಇಳಿದಿದೆ. ಬಹಳ ಹಳೆಯದು ಹೌದು, ಅಪ್ಪನಿಗಿಂತ ಮೊದಲು ಹುಟ್ಟಿದ ಮಗ ಅಲ್ಲ.

ಆಕಾಶಗಂಗೆ ಒಂದೇ ಸಲಕ್ಕೆ ಆಯಿತಾ, ತುಂಡು ತುಂಡು ಸೇರಿ ಆಯಿತಾ?

ಈ ಜಗಳ ಹಳೆಯದು. 1962ರಲ್ಲಿ ಎಗ್ಗೆನ್, ಲಿಂಡೆನ್-ಬೆಲ್ ಮತ್ತು ಸ್ಯಾಂಡೇಜ್ 221 ನಕ್ಷತ್ರಗಳ ದಾರಿ ನೋಡಿದರು. ಲೋಹ ಕಮ್ಮಿ ಇರುವವು ಉದ್ದುದ್ದ ದಾರಿಯಲ್ಲಿ ಓಡುತ್ತವೆ, ಲೋಹ ಜಾಸ್ತಿ ಇರುವವು ದುಂಡಗೆ ಸುತ್ತುತ್ತವೆ. ಹಾಗಾಗಿ ಒಂದು ದೊಡ್ಡ ಮೋಡ ಬೇಗನೆ ಕುಸಿದು ಗೆಲಾಕ್ಸಿ ಆಯಿತು ಅಂದರು. 1978ರಲ್ಲಿ ಸರ್ಲ್ ಮತ್ತು ಜಿನ್ 19 ಗೋಳಾಕಾರದ ನಕ್ಷತ್ರಗುಚ್ಛಗಳನ್ನು ನೋಡಿ ಬೇರೆಯದೇ ಹೇಳಿದರು. ದೂರದ ಗುಚ್ಛಗಳ ಲೋಹಕ್ಕೆ ಯಾವ ಕ್ರಮವೂ ಇಲ್ಲ, ಬೇರೆ ಬೇರೆ ತುಣುಕುಗಳು ಒಂದೊಂದಾಗಿ ಬಂದು ಸೇರಿರಬೇಕು ಅಂದರು.

ಇಬ್ಬರೂ ಸ್ವಲ್ಪ ಸ್ವಲ್ಪ ಸರಿ ಅನ್ನುವುದು ರೂಢಿಯ ಉತ್ತರ. ನನ್ನ ಪ್ರಕಾರ ಹೇಲೋದ ಮಟ್ಟಿಗೆ ಗೆದ್ದವರು ಸರ್ಲ್ ಮತ್ತು ಜಿನ್.

ಗಾಯಾ ಬಂದು ಏನು ಬದಲಾಯಿತು?

ಎಲ್ಲವೂ. ಯುರೋಪಿನ ಈ ಉಪಗ್ರಹ 2013ರ ಡಿಸೆಂಬರ್ 19ರಂದು ಹಾರಿತು. ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿ ನಿಂತು 2025ರ ಜನವರಿವರೆಗೆ ಆಕಾಶ ಅಳೆಯಿತು. ಸುಮಾರು 180 ಕೋಟಿ ನಕ್ಷತ್ರಗಳ ಜಾಗ ಮತ್ತು ಹೊಳಪು ಪಟ್ಟಿಯಾಯಿತು. ಅವುಗಳಲ್ಲಿ ಹೆಚ್ಚಿನವುಗಳ ದೂರ, ಆಕಾಶದಲ್ಲಿ ಸರಿಯುವ ವೇಗವೂ ಸಿಕ್ಕಿತು. ಅದರ ಅಳತೆ ಎಷ್ಟು ನಿಖರ ಅಂದರೆ 1000 ಕಿ.ಮೀ. ಆಚೆಯ ಕೂದಲೆಳೆಯ ದಪ್ಪ ಹೇಳಿದ ಹಾಗೆ. 1962ರ 221 ನಕ್ಷತ್ರ ಎಲ್ಲಿ, ಇದೆಲ್ಲಿ.

'ಗಾಯಾ-ಸಾಸೇಜ್-ಎನ್ಸೆಲಾಡಸ್' ಅಂದರೇನು? ಇದೆಂಥ ಹೆಸರು?

2018ರಲ್ಲಿ ಎರಡು ತಂಡಗಳು ಒಂದೇ ವಸ್ತುವನ್ನು ಬೇರೆ ಬೇರೆಯಾಗಿ ಕಂಡುಹಿಡಿದು ಎರಡು ಹೆಸರಿಟ್ಟವು. ಜಗಳ ಬೇಡ ಅಂತ ಎರಡನ್ನೂ ಅಂಟಿಸಿದರು.

ಕಂಡದ್ದು ಏನು? ಒಂದು ನಕ್ಷೆ ಊಹಿಸಿಕೊಳ್ಳಿ. ಒಂದು ಬದಿಯಲ್ಲಿ ನಕ್ಷತ್ರ ಗೆಲಾಕ್ಸಿಯ ಸುತ್ತ ಸುತ್ತುವ ವೇಗ, ಇನ್ನೊಂದು ಬದಿಯಲ್ಲಿ ಗೆಲಾಕ್ಸಿಯ ನಡುವಿನ ಕಡೆಗೆ ಅಥವಾ ನಡುವಿನಿಂದ ಆಚೆಗೆ ಓಡುವ ವೇಗ. ಸೂರ್ಯನಂಥ ತಟ್ಟೆಯ ನಕ್ಷತ್ರಗಳು ಸೆಕೆಂಡಿಗೆ 220 ಕಿ.ಮೀ. ಆಸುಪಾಸಿನಲ್ಲಿ ಸುತ್ತುತ್ತವೆ, ಒಳಗೆ ಹೊರಗೆ ಅಷ್ಟಾಗಿ ಓಡುವುದಿಲ್ಲ. ನಕ್ಷೆಯಲ್ಲಿ ಅವು ಒಂದು ಕಡೆ ಗುಂಪಾಗಿ ಕೂರುತ್ತವೆ. ಲೋಹ ಕಮ್ಮಿ ಇರುವ ನಕ್ಷತ್ರಗಳನ್ನು ಅದೇ ನಕ್ಷೆಯಲ್ಲಿ ಹಾಕಿದಾಗ ಉದ್ದನೆಯ ಆಕಾರವೊಂದು ಅಡ್ಡಡ್ಡ ಮಲಗಿತು. ಈ ನಕ್ಷತ್ರಗಳು ಸುತ್ತುವುದೇ ಇಲ್ಲ ಅನ್ನಬಹುದು. ನೇರವಾಗಿ ನಡುವಿಗೆ ನುಗ್ಗುತ್ತವೆ, ಮತ್ತೆ ಆಚೆಗೆ ಹಾರುತ್ತವೆ. ಆ ಆಕಾರ ನೋಡಿ ಬೆಲೊಕುರೊವ್ ತಂಡ 'ಸಾಸೇಜ್' ಅಂದಿತು. ಅಮೀನಾ ಹೆಲ್ಮಿ ತಂಡ ನೆಲದಡಿ ಹೂತುಹೋದ ಗ್ರೀಕ್ ದೈತ್ಯ ಎನ್ಸೆಲಾಡಸ್‌ನ ಹೆಸರು ಕೊಟ್ಟಿತು.

ಅರ್ಥ ಇಷ್ಟು: ಸುಮಾರು 1000 ಕೋಟಿ ವರ್ಷದ ಹಿಂದೆ ಇನ್ನೊಂದು ಗೆಲಾಕ್ಸಿ ಹೆಚ್ಚುಕಮ್ಮಿ ನೇರಾನೇರ ನಮ್ಮದಕ್ಕೆ ಬಂದು ಗುದ್ದಿತು. ಆಕಾಶಗಂಗೆ ಅದನ್ನು ಹೊಟ್ಟೆಗೆ ಹಾಕಿಕೊಂಡಿತು. ಆಗ ಇದ್ದ ತಟ್ಟೆಯ ಕೆಲವು ನಕ್ಷತ್ರಗಳು ಏಟು ತಿಂದು ಹೇಲೋಗೆ ಎಗರಿದವು. ಸೂರ್ಯನ ಸುತ್ತಮುತ್ತ ಈಗ ಕಾಣುವ ಹೇಲೋ ನಕ್ಷತ್ರಗಳಲ್ಲಿ ಬಹುಪಾಲು ಆ ಒಂದೇ ಗೆಲಾಕ್ಸಿಯವು. ನಿಸ್ಸೆನ್ ಮತ್ತು ಶುಸ್ಟರ್ ಕಂಡಿದ್ದ ಎರಡನೇ ಗುಂಪು ಕೂಡ ಇದೇ.

ಎರಡು ಗೆಲಾಕ್ಸಿ ಗುದ್ದಿದರೆ ನಕ್ಷತ್ರಗಳು ಒಂದಕ್ಕೊಂದು ಬಡಿಯುವುದಿಲ್ಲವಾ?

ಇಲ್ಲ. ನಡುವೆ ಅಷ್ಟು ಜಾಗ ಇದೆ. ಬಡಿದಾಡುವುದು ಅನಿಲದ ಮೋಡಗಳು.

'ಶಕ್ತಿ' ಮತ್ತು 'ಶಿವ' ಅಂತ ಹೆಸರಿಟ್ಟಿದ್ದಾರಂತೆ?

ಹೌದು. 2024ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಖಗೋಳ ಸಂಸ್ಥೆಯ ಖ್ಯಾತಿ ಮಲ್ಹನ್ ಮತ್ತು ರಿಕ್ಸ್ ಗಾಯಾ ದತ್ತಾಂಶದಲ್ಲಿ ಎರಡು ಗುಂಪು ಕಂಡುಹಿಡಿದರು. ಎರಡರ ನಕ್ಷತ್ರಗಳೂ 1200-1300 ಕೋಟಿ ವರ್ಷ ಹಳೆಯವು. ಒಂದೊಂದರ ತೂಕ ಸುಮಾರು ಒಂದು ಕೋಟಿ ಸೂರ್ಯರಷ್ಟು. ಆಕಾಶಗಂಗೆ ಕಟ್ಟಿಕೊಳ್ಳುವ ಶುರುವಿನಲ್ಲೇ ಬಂದು ಸೇರಿದ ತುಣುಕುಗಳು ಇವಿರಬಹುದು ಅಂತ ಅವರ ಅಂದಾಜು. ಇದು ಇನ್ನೂ ಚರ್ಚೆಯಲ್ಲಿದೆ. ಸುತ್ತುವ ತಟ್ಟೆಯ ನಡುವಿನ ದಿಮ್ಮಿಯಂಥ ಭಾಗ ಎಳೆದಾಡಿದರೂ ನಕ್ಷತ್ರಗಳು ಹೀಗೆ ಗುಂಪುಗೂಡಿದಂತೆ ಕಾಣಬಹುದು ಅನ್ನುವವರಿದ್ದಾರೆ.

ಆಕಾಶಗಂಗೆ ಈಗಲೂ ಬೇರೆ ಗೆಲಾಕ್ಸಿಗಳನ್ನು ನುಂಗುತ್ತಿದೆಯಾ?

ಈಗ, ಈ ಹೊತ್ತಿಗೂ. ಧನು ರಾಶಿಯ ದಿಕ್ಕಿನಲ್ಲಿ ಒಂದು ಕುಬ್ಜ ಗೆಲಾಕ್ಸಿ ಇದೆ. 1994ರಲ್ಲಿ ಇಬಾಟಾ, ಗಿಲ್ಮೋರ್ ಮತ್ತು ಇರ್ವಿನ್ ಕಂಡುಹಿಡಿದರು. ಆಕಾಶಗಂಗೆಯ ನಡುಭಾಗದ ಹಿಂದೆ ಅವಿತಿದ್ದರಿಂದ ಅಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದರಿಂದ ಕಿತ್ತುಬಂದ ನಕ್ಷತ್ರಗಳು ಎರಡು ಹೊಳೆಗಳಾಗಿ ಇಡೀ ಆಕಾಶ ಸುತ್ತಿವೆ. ಎಂ54 ಅನ್ನುವ ಗುಚ್ಛ ಅದರ ಗುಂಡಿಗೆಯಲ್ಲೇ ಕೂತಿದೆ.

ಚಿನ್ನ ಎಲ್ಲಿಂದ ಬಂತು ಅಂತಲೂ ಹಳೆಯ ನಕ್ಷತ್ರ ಹೇಳುತ್ತದಂತೆ?

ಒಂದು ಸುಳಿವು ಕೊಟ್ಟಿದೆ. ರೆಟಿಕ್ಯುಲಂ-2 ಅನ್ನುವ ಪುಟಾಣಿ ಗೆಲಾಕ್ಸಿಯ 9 ನಕ್ಷತ್ರಗಳನ್ನು 2016ರಲ್ಲಿ ನೋಡಿದಾಗ 7ರಲ್ಲಿ ಯುರೋಪಿಯಂನಂಥ, ಚಿನ್ನದ ಜೊತೆಗೇ ತಯಾರಾಗುವ ಭಾರದ ಧಾತುಗಳು ವಿಪರೀತ ಇದ್ದವು. ಅದರಂಥ ಬೇರೆ ಪುಟಾಣಿ ಗೆಲಾಕ್ಸಿಗಳಲ್ಲಿ ಅವು ಇಲ್ಲ ಅನ್ನುವಷ್ಟು ಕಮ್ಮಿ. ಅಂದರೆ ಇವು ಎಲ್ಲ ಸೂಪರ್‌ನೋವಾಗಳಿಂದ (ನಕ್ಷತ್ರ ಸ್ಫೋಟಗಳಿಂದ) ಚೂರು ಚೂರು ಬರುವುದಿಲ್ಲ, ಎಲ್ಲೋ ಅಪರೂಪಕ್ಕೆ ಒಂದು ಘಟನೆ ರಾಶಿಗಟ್ಟಲೆ ಸುರಿಯುತ್ತದೆ. ಮರುವರ್ಷ, 2017ರಲ್ಲಿ, ಎರಡು ನ್ಯೂಟ್ರಾನ್ ನಕ್ಷತ್ರಗಳು (ಸಿಡಿದ ದಪ್ಪ ನಕ್ಷತ್ರಗಳ ಉಳಿದ ಗಟ್ಟಿ ತಿರುಳು) ಡಿಕ್ಕಿಯಾದದ್ದು ಗುರುತ್ವದ ಅಲೆಗಳಲ್ಲಿ ಸಿಕ್ಕಿತು. ಆಮೇಲೆ ಕಂಡ ಬೆಳಕಿನಲ್ಲಿ ಅಂಥ ಧಾತುಗಳು ತಯಾರಾದ ಗುರುತಿತ್ತು.

ಮೊಟ್ಟಮೊದಲ ನಕ್ಷತ್ರ ಸಿಕ್ಕಿದೆಯಾ?

ಲೋಹವೇ ಇಲ್ಲದ ನಕ್ಷತ್ರ ನಮ್ಮ ಗೆಲಾಕ್ಸಿಯಲ್ಲಿ ಇವತ್ತಿನವರೆಗೆ ಒಂದೂ ಸಿಕ್ಕಿಲ್ಲ. ಲೋಹ ಇಲ್ಲದ ಅನಿಲ ಸರಿಯಾಗಿ ತಣಿಯುವುದಿಲ್ಲ, ಹಾಗಾಗಿ ಸಣ್ಣ ತುಣುಕುಗಳಾಗಿ ಒಡೆಯುವುದೂ ಕಷ್ಟ. ಮೊದಲಿನವು ಹೆಚ್ಚಾಗಿ ದಪ್ಪ ನಕ್ಷತ್ರಗಳಾಗಿದ್ದು, ಬೇಗ ಸಿಡಿದು ಹೋಗಿರಬೇಕು. ಸಿಗುತ್ತಿರುವುದು ಅವುಗಳ ಮಕ್ಕಳು.

ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ದೂರದ ಗೆಲಾಕ್ಸಿಗಳ ಬಾಲ್ಯವನ್ನೇ ತೋರಿಸುತ್ತಿರುವಾಗ ಈ ಸುತ್ತುಬಳಸು ಯಾಕೆ?

ವೆಬ್ ತೋರಿಸುವುದು ಬೇರೆಯವರ ಮಕ್ಕಳ ಫೋಟೋ. ಒಂದು ಗೆಲಾಕ್ಸಿಯ ಒಂದೇ ಕ್ಷಣ, ಅದೂ ಮಸುಕು ಮಸುಕಾಗಿ. ಅದು ಮುಂದೆ ಏನಾಯಿತು ಅಂತ ಆ ಫೋಟೋ ಹೇಳುವುದಿಲ್ಲ. ಆಕಾಶಗಂಗೆಯ ವಿಷಯದಲ್ಲಿ ಒಂದೇ ಗೆಲಾಕ್ಸಿಯ ಪೂರ್ತಿ ಜಾತಕ ಕೈಯಲ್ಲಿದೆ, ನಕ್ಷತ್ರ ನಕ್ಷತ್ರವಾಗಿ. ಎರಡೂ ಬೇಕು.

ಬೇರೆ ಗೆಲಾಕ್ಸಿಗಳಲ್ಲಿ ಬಿಡಿ ನಕ್ಷತ್ರ ನೋಡುವುದು ಬಹಳ ಕಷ್ಟ. 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾದಲ್ಲಿ ವಾಲ್ಟರ್ ಬಾಡೆ ಅದನ್ನು 1940ರ ದಶಕದಲ್ಲೇ ಸಾಧಿಸಿದ. ಯುದ್ಧಕಾಲದಲ್ಲಿ ಲಾಸ್ ಏಂಜಲೀಸ್‌ನ ದೀಪ ಆರಿಸಿದ್ದರಿಂದ ಹತ್ತಿರದ ಮೌಂಟ್ ವಿಲ್ಸನ್ ವೀಕ್ಷಣಾಲಯದ ಮೇಲೆ ಕತ್ತಲೆ ಸಿಕ್ಕಿತ್ತು. ನಕ್ಷತ್ರಗಳಲ್ಲಿ ಎರಡು ಪಂಗಡಗಳಿವೆ ಅಂತ 1944ರಲ್ಲಿ ಬರೆದ. ಈ ಇಡೀ ವಿದ್ಯೆಯ ಬೇರು ಅಲ್ಲಿದೆ.

ನಾನೇ ನೋಡಬಹುದಾದ ಹಳೆಯ ನಕ್ಷತ್ರ ಯಾವುದಾದರೂ ಇದೆಯಾ?

ಇದೆ. ಸಪ್ತರ್ಷಿ ಮಂಡಲದ ಬಾಲದ ಬಾಗು ಹಿಡಿದು ಮುಂದೆ ಹೋದರೆ ಕಿತ್ತಳೆ ಬಣ್ಣದ ಸ್ವಾತಿ ಸಿಗುತ್ತದೆ. 37 ಜ್ಯೋತಿರ್ವರ್ಷ ದೂರ, ಕಬ್ಬಿಣ ಸೂರ್ಯನ ಮೂರನೇ ಒಂದು ಪಾಲು, ವಯಸ್ಸಿನಲ್ಲಿ ಸೂರ್ಯನಿಗಿಂತ ಹಿರಿಯ. ದಕ್ಷಿಣದ ಆಕಾಶ ಕಾಣುವ ಕತ್ತಲೆ ಜಾಗದಲ್ಲಿ ಒಮೆಗಾ ಸೆಂಟಾರಿ ಬರಿಗಣ್ಣಿಗೇ ಮಸುಕು ಚುಕ್ಕಿಯಾಗಿ ಕಾಣುತ್ತದೆ. ಸುಮಾರು ಒಂದು ಕೋಟಿ ನಕ್ಷತ್ರಗಳ ಗುಚ್ಛ ಅದು, ಯಾವುದೋ ನುಂಗಿಹೋದ ಗೆಲಾಕ್ಸಿಯ ಉಳಿದ ತಿರುಳು ಅಂತ ಬಹಳ ಜನ ನಂಬುತ್ತಾರೆ.

ಮೇಲೆ ಹೇಳಿದ ಎಚ್‌ಡಿ 140283 ತುಲಾ ರಾಶಿಯಲ್ಲಿದೆ, ಸುಮಾರು 200 ಜ್ಯೋತಿರ್ವರ್ಷ ದೂರ. ಬೈನಾಕ್ಯುಲರ್ ಸಾಕು. ನಕ್ಷೆ ಜೊತೆಗಿಟ್ಟುಕೊಳ್ಳಿ, ಇಲ್ಲದಿದ್ದರೆ ಅಕ್ಕಪಕ್ಕದ ಚುಕ್ಕಿಗಳಿಗೂ ಇದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಹೇಲೋ ಕಡೆಯಿಂದ ಬಂದು ನಮ್ಮ ಪಕ್ಕದಲ್ಲಿ ಹಾದುಹೋಗುತ್ತಿರುವ ನಕ್ಷತ್ರ ಇದು. ಸುಮಾರು 1500 ವರ್ಷಕ್ಕೆ ಆಕಾಶದಲ್ಲಿ ಒಂದು ಹುಣ್ಣಿಮೆ ಚಂದ್ರನ ಅಗಲದಷ್ಟು ಸರಿಯುತ್ತದೆ.